ಅತ್ತೆ ಕರೆಯದ ಹೆಸರು

ನಮ್ಮ ಮನೆಯವರನ್ನು ಹೆಸರು ಹಿಡಿದು ಕರೆಯುವವರು ಮನೆಯಲ್ಲಿ ಯಾರೂ ಇರಲಿಲ್ಲ. ನಾನಂತೂ ಕರೆಯುವ ಹಾಗಿಲ್ಲ, ಗಂಡನ ಹೆಸರು. ಎದುರಿಗೆ 'ರೀ', ಬೇರೆಯವರ ಮುಂದೆ 'ನಮ್ಮ ಮನೆಯವರು', ಸಿಟ್ಟು ಬಂದಾಗ 'ಈ ಮನಷಾ'. ಮಗಳಿಗೆ 'ಪಪ್ಪಾ'. ಹಡೆದ ತಾಯಿಯಾದರೂ ಕರೆಯಬೇಕಲ್ಲ ಎಂದರೆ ಅವರೂ ಇಲ್ಲ. ಇವರಿಗೆ ಇಟ್ಟದ್ದು ಅಜ್ಜನ ಹೆಸರು, ಅಂದರೆ ನನ್ನ ಅತ್ತೆಗೆ ಅವರ ಮಾವನ ಹೆಸರು. ಮಾವನ ಹೆಸರು ಸೊಸೆಯ ಬಾಯಲ್ಲಿ ಬರಬಾರದು. ಹಾಗಾಗಿ ತೊಟ್ಟಿಲಿಗೆ ಹಾಕಿದ ದಿನದಿಂದ ಅತ್ತೆ ಮಗನನ್ನು 'ತಮ್ಮಾ' ಎಂದೇ ಕರೆಯುತ್ತ ಬಂದರು.

ಹೊಸದಾಗಿ ಬಂದಾಗ ನನಗೆ ಇದು ತಮಾಷೆಯಾಗಿ ಕಾಣುತ್ತಿತ್ತು. ಅಷ್ಟು ಚಂದದ ಹೆಸರನ್ನು ರೇಷನ್ ಕಾರ್ಡಿಗೆ, ಸಂಬಳದ ಚೀಟಿಗೆ ಮಾತ್ರ ಎಂದು ಎತ್ತಿಟ್ಟಿದ್ದಾರಲ್ಲ ಎಂದು ಒಳಗೊಳಗೇ ನಗುತ್ತಿದ್ದೆ. ನನ್ನ ಸ್ಥಿತಿಯೇನು ಬೇರೆ ಇರಲಿಲ್ಲ ಅನ್ನಿ. ಮದುವೆಯ ದಿನ ಹೊಸ್ತಿಲಲ್ಲಿ ತಡೆದು ನಿಲ್ಲಿಸಿ, ಗಂಡನ ಹೆಸರು ಹೇಳಿದರೇ ಒಳಗೆ ಬಿಡುತ್ತೇವೆ ಎಂದು ಒಡಪು ಹೇಳಿಸುತ್ತಾರಲ್ಲ, ಆವತ್ತು ಪ್ರಾಸದ ನಡುವೆ ಅಡಗಿಸಿ ಒಂದೇ ಸಲ ಹೇಳಿದ್ದೆ. ಅದೂ ಕೇಳಿಸಲಿಲ್ಲ ಎಂದು ನಾದಿನಿಯರು ಗಲಾಟೆ ಮಾಡಿದ್ದರು.

ನಾವು ಇರುವುದು ಕಲಬುರಗಿಯ ಬ್ರಹ್ಮಪುರದಲ್ಲಿ. ಇವರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ. ಇವರ ಮೂಲದ ಊರು ಕಮಲಾಪುರದ ಆಚೆ. ಇವರು ಹುಡುಗನಾಗಿದ್ದಾಗ ಅಲ್ಲಿ ಅಣೆಕಟ್ಟು ಕಟ್ಟಿದರು, ಹೊಲವೆಲ್ಲ ನೀರಿನಡಿಗೆ ಹೋಯಿತು. ಉಳಿದದ್ದು ಹೊಲದ ಎತ್ತರದ ತುದಿ ಮಾತ್ರ. ಬೇಸಿಗೆಯಲ್ಲಿ ನಡೆದು ಹೋಗಬಹುದು, ಮಳೆಗಾಲ ಮುಗಿದ ಮೇಲೆ ಸುತ್ತಲೂ ನೀರು. ನಾಲ್ಕು ಜಾಲಿ ಗಿಡ, ಮೊಣಕಾಲುದ್ದ ಒಣಹುಲ್ಲು. ಅತ್ತೆಗೆ ಅದು ಈಗಲೂ 'ನಮ್ಮ ಹೊಲ'. ನನಗೆ ಅದು ದಿಬ್ಬ.

ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ನಮ್ಮ ಕಡೆ ಎಲ್ಲರೂ ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡಿ, ಭಜ್ಜಿ, ಕಡಬು, ರೊಟ್ಟಿ, ಅಂಬಲಿ ಎಡೆ ಹಿಡಿದು, ಅದರಲ್ಲಿ ಸ್ವಲ್ಪವನ್ನು ಹೊಲದ ತುಂಬ ಕೂಗುತ್ತ ಎರಚಿ ಬರುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಅನ್ನುತ್ತಾರೆ. ಹೊಲವೇ ಇಲ್ಲದವರು ಪರಿಚಯದವರ ಹೊಲಕ್ಕೆ ಹೋಗಿ ಉಂಡು ಬರುತ್ತಾರೆ, ಯಾರೂ ಬೇಡ ಅನ್ನುವುದಿಲ್ಲ. ಆ ವರ್ಷ ನಾನೂ ಅದನ್ನೇ ಹೇಳಿದೆ. ನೀರು ಬಹಳ ಇದೆ, ಇವರಿಗೆ ಚಳಿಗಾಲದಲ್ಲಿ ದಮ್ಮು ಜಾಸ್ತಿ, ಇಲ್ಲೇ ಕಲಬುರಗಿ ಹತ್ತಿರ ನನ್ನ ಗೆಳತಿಯ ಹೊಲವಿದೆ, ಅಲ್ಲಿಗೇ ಹೋಗೋಣ ಎಂದೆ.

"ಮಂದಿ ಹೊಲಕ್ಕ ಚರಗ ಚೆಲ್ಲಿದ್ರ ನಮ್ಮ ಹೊಲ ಉಪಾಸ ಇರ್ತದ," ಅಂದರು ಅತ್ತೆ. "ನೀರಾಗಿದ್ರೇನಾತು? ಭೂಮ್ತಾಯಿ ಅಲ್ಲೇ ಅದಾಳಲ್ಲ."

"ಆಕಿಗೆ ಈಗ ಮೀನಗೋಳೇ ಊಟ ಕೊಡ್ತಾವ ಬಿಡ್ರಿ ಅತ್ತಿ," ಅಂದೆ. ಅತ್ತೆ ಎದ್ದು ಹೋಗಿ ಎಡೆಯ ಬುಟ್ಟಿ ತೆಗೆದಿಟ್ಟರು. ಇವರು ಎಂದಿನಂತೆ ತಾಯಿಗೂ ಹೂಂ, ನನಗೂ ಹೂಂ ಅಂದು, ಬೆಳಿಗ್ಗೆ ಎದ್ದು ತಾಯಿಯ ಬುಟ್ಟಿಯನ್ನು ಕಾರಿನ ಡಿಕ್ಕಿಯಲ್ಲಿ ಇಟ್ಟರು.

ಹಾಗೆ ಹೊರಟೆವು. ಇವರು, ಅತ್ತೆ, ನಾನು, ಆಗ ಹತ್ತನೇ ಇಯತ್ತೆಯಲ್ಲಿದ್ದ ಮಗಳು. ಕಮಲಾಪುರದ ರಸ್ತೆ ಬದಿಯಲ್ಲಿ ಕೆಂಪು ಬಾಳೆಹಣ್ಣು ತೆಗೆದುಕೊಂಡೆವು. ಅದೇ ಕಮಲಾಪುರದಲ್ಲಿ ಅತ್ತೆಯ ಒಡಹುಟ್ಟಿದ ತಮ್ಮ ಇದ್ದಾರೆ, ಇವರಿಗೆ ಸೋದರಮಾವ. ಅವರ ಮನೆಯವರೂ ಆಗಲೇ ತಮ್ಮ ಹೊಲಕ್ಕೆ ಹೋಗಿದ್ದರು. ಮೈನೆರೆದ ನೆಂಟರ ಹುಡುಗಿಯ ಜೊತೆಗೆಂದು ಹೊಸ ಸೊಸೆ ಒಬ್ಬಳೇ ಮನೆಯಲ್ಲಿ ಉಳಿದಿದ್ದಳು. ಬಾಗಿಲಲ್ಲೇ ಮಾತಾಡಿಸಿ ಮುಂದೆ ಹೋದೆವು.

ಊರಿನ ಮೀನುಗಾರನಿಗೆ ಇವರು ಮೊದಲೇ ಹೇಳಿದ್ದರು. ಅವನೂ ಹಬ್ಬಕ್ಕೆ ಬೀಗರ ಊರಿಗೆ ಹೋಗುವವನಿದ್ದ. ಪುಟ್ಟಿಯನ್ನು, ಅಂದರೆ ಬಿದಿರಿನ ಹರಿಗೋಲನ್ನು, ದಂಡೆಯ ಜಾಲಿ ಗಿಡಕ್ಕೆ ಕಟ್ಟಿ ಹೋಗಿದ್ದ. "ನೀವ ಹುಟ್ಟ ಹಾಕ್ತೀರಲ್ರೀ ಸರ್, ವಾಪಸ್ ಬಂದು ಅಲ್ಲೇ ಕಟ್ಟಿ ಹೋಗ್ರಿ," ಎಂದಿದ್ದನಂತೆ. ಇವರಿಗೆ ಅದರ ಬಗ್ಗೆ ಭಾರಿ ಹೆಮ್ಮೆ. ವರ್ಷವೆಲ್ಲ ಸೀಮೆಸುಣ್ಣ ಹಿಡಿಯುವ ಕೈ ಆ ಒಂದು ದಿನ ಹುಟ್ಟು ಹಿಡಿಯುತ್ತಿತ್ತು. ಮಗಳ ಮುಂದೆ ತೋಳು ಮಡಚಿ ಹತ್ತಿದರು.

ನೀರು ಆ ವರ್ಷ ನಿಜಕ್ಕೂ ಹೆಚ್ಚಿತ್ತು. ದಿಬ್ಬ ಅರ್ಧ ಮುಳುಗಿ, ಇನ್ನೂ ದೂರ ಸರಿದಂತೆ ಕಾಣುತ್ತಿತ್ತು. ದಂಡೆ ಬಿಟ್ಟು ಬಹಳ ಮುಂದೆ ಬಂದ ಮೇಲೆ ಇವರು ಹುಟ್ಟಿನಿಂದ ಬಲಕ್ಕೆ ತೋರಿಸಿ, "ಅಲ್ಲಿ ನೋಡ, ಅಲ್ಲಿ ಕೆಳಗ ನಮ್ಮ ಬಾವಿ ಇತ್ತು. ಅದರಾಗೇ ನಾ ಈಜ ಕಲ್ತಿದ್ದು," ಎಂದು ಮಗಳಿಗೆ ಹೇಳಿದರು. ಹೇಳಿ ಬಾಯಿ ಮುಚ್ಚುವುದರೊಳಗೆ ಕಾಲಡಿಯಲ್ಲಿ ಪರ್ ಎಂದು ಹರಿದ ಸದ್ದಾಯಿತು. ಬಾವಿ ಬಲಕ್ಕೆ ಇರಲಿಲ್ಲ, ನಮ್ಮ ಕೆಳಗೇ ಇತ್ತು. ಅದರ ಕಟ್ಟೆಯ ಮುರಿದ ಕಲ್ಲು ಪುಟ್ಟಿಯ ತಳವನ್ನು ಸೀಳಿತ್ತು.

ನೀರು ಒಳಗೆ ಬಂದದ್ದನ್ನು ನೋಡಲೂ ಪುರುಸೊತ್ತಿರಲಿಲ್ಲ. ಕೂತ ಕಡೆಯೇ ಸೊಂಟದ ತನಕ ಬಂತು. ಇವರು ಒಂದು ಕೈಯಲ್ಲಿ ಅತ್ತೆಯನ್ನು ಎತ್ತಿ ಹಿಡಿದು, "ಕೆಳಗ ಕಾಲಿಗಿ ನೆಲ ಸಿಗ್ತದ, ಹೆದರಬ್ಯಾಡ್ರಿ, ನನ್ನ ಹಿಂದ ಬರ್ರಿ," ಎಂದು ಕೂಗಿದರು. ನನ್ನ ಕಾಲಿಗೆ ನೆಲ ಸಿಗಲಿಲ್ಲ. ಒಮ್ಮೆ ಪೂರ್ತಿ ಮುಳುಗಿದೆ, ಕಣ್ಣು ಬಿಟ್ಟಾಗ ಹಸಿರು ಬಿಟ್ಟು ಬೇರೇನೂ ಕಾಣಲಿಲ್ಲ. ಯಾರೋ ಜಡೆ ಹಿಡಿದು ಎಳೆದರು. ಮಗಳು. ಆಮೇಲೆ ಕೆಸರು ಸಿಕ್ಕಿತು, ಹುಲ್ಲು ಸಿಕ್ಕಿತು, ನಾಲ್ವರೂ ತೆವಳಿಕೊಂಡು ದಿಬ್ಬದ ಮೇಲೆ ಬಿದ್ದೆವು. ಹಿಂದೆ ತಿರುಗಿದರೆ ಪುಟ್ಟಿ ಇರಲಿಲ್ಲ, ಎಡೆಯ ಬುಟ್ಟಿಯೂ ಇರಲಿಲ್ಲ. ಕೆಂಪು ಬಾಳೆಹಣ್ಣಿನ ಗೊನೆ ಮಾತ್ರ ತೇಲುತ್ತ ಹೋಗುತ್ತಿತ್ತು.

ಜೀವ ಉಳಿಯಿತಲ್ಲ ಎಂದು ಮೊದಲು ನಾವು ನಕ್ಕೆವು. ಖರೇ ಹೇಳುತ್ತೇನೆ, ನಕ್ಕೆವು. ಮಗಳ ತಲೆಯ ಮೇಲೆ ಪಾಚಿ, ನನ್ನ ಒಂದು ಕಾಲಿಗೆ ಮಾತ್ರ ಚಪ್ಪಲಿ. ಅತ್ತೆ ಸೊಂಟದಲ್ಲಿ ಸಿಕ್ಕಿಸಿದ್ದ ಎಲೆ-ಅಡಿಕೆ ಸಂಚಿ ತೆಗೆದು ನೋಡಿದರು. ಅದರೊಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕರ್ಪೂರ, ಬೆಂಕಿಪೊಟ್ಟಣ, ಅವರ ಗುಂಡಿ ಒತ್ತುವ ಸಣ್ಣ ಫೋನು, ಎಲ್ಲ ಒಣಗಿಯೇ ಇದ್ದವು. ನಮ್ಮ ಮೂವರ ದೊಡ್ಡ ಫೋನುಗಳು ನೀರು ಕುಡಿದು ಸತ್ತಿದ್ದವು. ಅತ್ತೆ ನನ್ನ ಕಡೆ ಒಂದು ನೋಟ ನೋಡಿದರು. ಆ ನೋಟದ ಅರ್ಥ ನನಗೆ ಗೊತ್ತು, ಆ ಸಣ್ಣ ಫೋನನ್ನು ಆಡಿಕೊಳ್ಳುತ್ತಿದ್ದವಳು ನಾನೇ. ನಾನು ಬೇರೆ ಕಡೆ ಮುಖ ತಿರುಗಿಸಿದೆ.

ಅಷ್ಟರಲ್ಲಿ ಇವರು ಅಂಗಿಯ ಜೇಬು ಮುಟ್ಟಿ ನೋಡಿಕೊಂಡರು. ಆಮೇಲೆ ಪ್ಯಾಂಟಿನ ಜೇಬು. ಮತ್ತೆ ಅಂಗಿಯ ಜೇಬು. ನನ್ನ ನಗು ಅಲ್ಲಿಗೇ ನಿಂತಿತು.

"ಪಂಪ ಎಲ್ಲದ ರೀ?" ಅಂದೆ.

"ಬಿದ್ದದ."

ದಮ್ಮಿನವರ ಮನೆಯಲ್ಲಿ ಇದ್ದವರಿಗೆ ಗೊತ್ತಿರುತ್ತದೆ. ಆ ಅಂಗೈಯಗಲದ ಪಂಪನ್ನು ಎರಡು ಸಲ ಬಾಯಿಗೆ ಒತ್ತಿಕೊಂಡರೆ ಅವರು ಎಲ್ಲರಂತೆ ಮನುಷ್ಯರು. ಅದಿಲ್ಲದಿದ್ದರೆ, ಹೊರಗೆ ಇಷ್ಟೊಂದು ಗಾಳಿ ಇದ್ದೂ ಒಳಗೆ ಹೋಗುವುದಿಲ್ಲ, ಒಳಗಿನದು ಹೊರಗೆ ಬರುವುದಿಲ್ಲ. ಒದ್ದೆ ಬಟ್ಟೆ, ಚಳಿಗಾಳಿ, ಒಣಹುಲ್ಲಿನ ಧೂಳು. ಇವರ ದಮ್ಮಿಗೆ ಬೇಕಾದದ್ದೆಲ್ಲ ಆ ದಿಬ್ಬದ ಮೇಲೆ ಇತ್ತು. ಮಗಳು ಎದ್ದು, ನಾವು ಬಂದ ದಾರಿಯಲ್ಲೇ ನೀರಿಗಿಳಿದು, ಕಾಲಿನಿಂದ ಕೆಸರು ತಡಕತೊಡಗಿದಳು. ಎದೆಮಟ್ಟಕ್ಕೆ ಬಂದರೂ ನಿಲ್ಲಲಿಲ್ಲ. ಬಾಯಿಗೆ ಬಂದಂತೆ ಬೈದು ಎಳೆದುಕೊಂಡು ಬಂದೆ. ಅವಳು ಅಳುತ್ತಿದ್ದಳು, ನಾನು ಬೈಯುತ್ತಿದ್ದೆ, ಇಬ್ಬರದೂ ಒಂದೇ ಹೆದರಿಕೆ.

ಕೂಗಿ ಯಾರನ್ನಾದರೂ ಕರೆಯೋಣ ಎಂದು ನಿಂತೆವು. ಆಚೆ ದಂಡೆಯ ಏರಿಯ ಮೇಲೆ ಒಂದು ಟ್ರ್ಯಾಕ್ಟರು ಹೊರಟಿತ್ತು, ತುಂಬ ಜನ, ಹಾಡು ಹಚ್ಚಿಕೊಂಡಿದ್ದರು. ನಾನು ಸೆರಗು ಬೀಸಿದೆ, ಮಗಳು ಎರಡೂ ಕೈ ಎತ್ತಿ ಕುಣಿದಳು, ಗಂಟಲು ಹರಿಯುವ ಹಾಗೆ ಕೂಗಿದೆವು. ಅವರು ನೋಡಿದರು. ನೋಡಿ, ಅವರೂ ಟವೆಲ್ಲು ಬೀಸಿದರು. ನಮ್ಮ ಕೂಗಿಗೆ ಸರಿಯಾಗಿ ಅವರೂ ಚರಗದ ಕೂಗು ಹಾಕಿದರು. ಎಳ್ಳಮಾಸಿಯ ದಿನ ಹೊಲದಿಂದ ಕೂಗು ಬಂದರೆ ಯಾರು ತಾನೆ ಹೆದರುತ್ತಾರೆ? ಎಲ್ಲ ಹೊಲದಲ್ಲೂ ಅದೇ ನಡೆದಿತ್ತು. ಟ್ರ್ಯಾಕ್ಟರು ನಮಗೆ ಹಬ್ಬದ ಶುಭ ಕೋರಿ ತಿರುವಿನಲ್ಲಿ ಮರೆಯಾಯಿತು. ನನಗೆ ಬಂದ ಸಿಟ್ಟಿಗೆ, ಇದ್ದ ಒಂದು ಚಪ್ಪಲಿಯನ್ನೂ ತೆಗೆದು ಆ ಕಡೆ ಎಸೆದೆ.

"ನಾ ಈಜಿ ಹೋಗ್ತೀನಿ," ಅಂದರು ಇವರು. ಆಗಲೇ ಮಾತಿನ ನಡುವೆ ಸಣ್ಣಗೆ ಸೀಟಿ ಊದಿದ ಹಾಗೆ ಸದ್ದು ಬರುತ್ತಿತ್ತು. "ಆಚಿಗೆ ಮುಟ್ಟಿದ್ರ ಯಾರರ ಸಿಗ್ತಾರ."

"ನಡು ನೀರಾಗ ದಮ್ಮ ಹತ್ತಿದ್ರ?"

"ಇಲ್ಲಿ ಕುಂತ್ರೂ ಹತ್ತತದ."

"ಇಲ್ಲಿ ಹತ್ತಿದ್ರ ನಾ ಅದೀನಿ," ಅಂದೆ. "ನೀರಿಗಿಳದ್ರ ನೋಡ್ರಿ, ನಿಮ್ಮ ಹಿಂದ ನಾನೂ ಇಳೀತೀನಿ. ನನಗ ಈಜ ಬರಂಗಿಲ್ಲ, ನಿಮಗ ಗೊತ್ತದ." ಇದು ಪ್ರೀತಿಯ ಮಾತೋ ಬೆದರಿಕೆಯೋ ನನಗೂ ಗೊತ್ತಿರಲಿಲ್ಲ. ಇವರು ಕೂತರು. ಒಂದು ಜಾಲಿ ಗಿಡಕ್ಕೆ ಬೆನ್ನು ಕೊಟ್ಟು, ಎರಡೂ ಕೈ ಮೊಣಕಾಲ ಮೇಲೆ ಊರಿ, ತಲೆ ಮುಂದೆ ಬಾಗಿಸಿ. ದಮ್ಮು ಬಂದಾಗ ಇವರು ಕೂರುವುದೇ ಹಾಗೆ. ನಾನು ಅವರ ಒದ್ದೆ ಅಂಗಿ ಕಳಚಿ, ಬಿಸಿಲಿಗೆ ಸ್ವಲ್ಪ ಒಣಗಿದ್ದ ನನ್ನ ಸೆರಗನ್ನು ಬೆನ್ನಿಗೆ ಹೊದಿಸಿ, ಉಜ್ಜುತ್ತ ಕೂತೆ.

ಅತ್ತೆ ತಮ್ಮ ಸಣ್ಣ ಫೋನು ಹಿಡಿದು ಟವರು ಹುಡುಕುತ್ತ ದಿಬ್ಬದ ನೆತ್ತಿಗೆ ಹೋಗಿದ್ದರು. ಅಲ್ಲಿ ಒಂದು ಕಡ್ಡಿ ಬಂತೆಂದು ಮಗಳು ಕೂಗಿ ಹೇಳಿದಳು. ಬ್ಯಾಟರಿ ಕೊನೆಯ ಹಂತದಲ್ಲಿತ್ತು. ಅತ್ತೆ ಬೆಳಿಗ್ಗೆ ದಾರಿಯಲ್ಲಿ ಮಾತಾಡಿದ್ದ ನಂಬರನ್ನೇ ಒತ್ತಿದರು. ಕಮಲಾಪುರದ ತಮ್ಮನ ಮನೆಯದು. ಎತ್ತಿದವಳು ಆ ಹೊಸ ಸೊಸೆ, ಬೀದರ ಕಡೆಯಿಂದ ಆ ಬೇಸಿಗೆಯಲ್ಲಷ್ಟೇ ಮದುವೆಯಾಗಿ ಬಂದವಳು. ಅತ್ತೆ ಗಾಳಿಯಲ್ಲಿ ಕೂಗಿ ಹೇಳಿದ್ದು ಕೆಳಗಿದ್ದ ನನಗೂ ಕೇಳಿಸಿತು.

"ಯವ್ವಾ, ನಾ ದೊಡ್ಡತ್ತಿ ಮಾತಾಡಾಕತ್ತೀನಿ. ಹೊಲದಾಗ ತಮ್ಮಗ ದಮ್ಮ ಹತ್ಯಾದ! ಉಸರ ಬರವಲ್ದು! ಜಲ್ದಿ ಹೊಲಕ್ಕ ಯಾರನ್ನರ ಕಳಸ. ತಮ್ಮನ್ನ ದವಾಖಾನಿಗಿ ಒಯ್ಯಬೇಕ!"

ಆ ಕಡೆಯಿಂದ "ಅಯ್ಯೋ ಯವ್ವಾ, ಈಗ ಕಳಸ್ತೀನ್ರೀ" ಎಂಬ ಮಾತು ಬಂದದ್ದೇ ಫೋನು ಆರಿತು. ಸುದ್ದಿ ಮುಟ್ಟಿತೆಂದು ಅತ್ತೆ ಅಲ್ಲೇ ನೆಲಕ್ಕೆ ಹಣೆ ಹಚ್ಚಿದರು. ನಾನೂ ಮೊದಲ ಸಲ ನೆಟ್ಟಗೆ ಉಸಿರು ಬಿಟ್ಟೆ.

ಆಮೇಲೆ ಏನಾಯಿತು ಎಂಬುದು ನಮಗೆ ಗೊತ್ತಾದದ್ದು ಮರುದಿನ. ಆ ಸೊಸೆಗೆ ಗೊತ್ತಿದ್ದದ್ದು ಇಷ್ಟೇ: ದೊಡ್ಡತ್ತೆಗೆ ಒಬ್ಬರೇ ತಮ್ಮ, ಅವರು ತನ್ನ ಮಾವ. ಆ ಮಾವ ಹೊಲಕ್ಕೆ ಹೋಗಿದ್ದಾರೆ, ಅಕ್ಕನೂ ಅಲ್ಲಿಗೇ ಹೋಗಿರಬೇಕು, ಮಾವನಿಗೆ ಉಸಿರು ಕಟ್ಟಿದೆ. ಅವಳು ಅಳುತ್ತ ಓಣಿಯವರನ್ನು ಕರೆದಳು. ಓಣಿಯವರು ಜೀಪು ಕಟ್ಟಿಕೊಂಡು ಮಾವನ ಹೊಲಕ್ಕೆ ಧಾವಿಸಿದರು. ಆ ಹೊಲ ಇರುವುದು ಕಮಲಾಪುರದ ಇನ್ನೊಂದು ದಿಕ್ಕಿಗೆ, ನೀರಿನ ಹನಿಯೂ ಇಲ್ಲದ ಕಡೆ. ಹೋಗಿ ನೋಡಿದರೆ ಮಾವ ಬೇವಿನ ಗಿಡದ ಕೆಳಗೆ, ಕಡಬು ಹೊಡೆದು, ಹೊಟ್ಟೆಯ ಮೇಲೆ ಕೈಯಿಟ್ಟು ಗೊರಕೆ ಹೊಡೆಯುತ್ತಿದ್ದರು. ಎಬ್ಬಿಸಿ ಕೇಳಿದರೆ ಉಸಿರು ಬರುತ್ತಿತ್ತು, ತೇಗೂ ಬರುತ್ತಿತ್ತು. ಎಲ್ಲರೂ ಬಿದ್ದು ಬಿದ್ದು ನಕ್ಕರಂತೆ. ಅಕ್ಕನಿಗೆ ಅರಳು ಮರಳು ಅಂದರಂತೆ. ತಿರುಗಿ ಫೋನು ಹಚ್ಚಿದರೆ ಹತ್ತಲಿಲ್ಲ. ಬಂದವರಿಗೆ ಭಜ್ಜಿ ರೊಟ್ಟಿ ಉಣ್ಣಿಸಿ ಕಳಿಸಿದರಂತೆ.

ಇತ್ತ ನಾವು ದಂಡೆಯ ಮೇಲೆ ಕಣ್ಣಿಟ್ಟು ಕೂತಿದ್ದೆವು. ಈಗ ಬರುತ್ತಾರೆ, ಈಗ ಬರುತ್ತಾರೆ. ಕಮಲಾಪುರದಿಂದ ಇಲ್ಲಿಗೆ ಎಷ್ಟು ಹೊತ್ತಿನ ದಾರಿ? ಬಿಸಿಲು ಇಳಿಯಿತು. ನೀರಿನ ಮೇಲಿನ ಬೆಳಕು ಕೆಂಪಾಗಿ, ಕಂದಾಗಿ, ಆಮೇಲೆ ಸೀಸದ ಬಣ್ಣಕ್ಕೆ ತಿರುಗಿತು. ಇವರ ಎದೆಯ ಸದ್ದು ಈಗ ನಾಲ್ಕು ಹೆಜ್ಜೆ ದೂರ ಕೂತರೂ ಕೇಳಿಸುತ್ತಿತ್ತು. ಮಾತಾಡಲು ಹೋದರೆ ಎರಡು ಶಬ್ದಕ್ಕೆ ನಿಲ್ಲುತ್ತಿದ್ದರು. "ಬರ್ತಾರ," ಅನ್ನುವುದು, ಉಸಿರಿಗೆ ನಿಲ್ಲುವುದು, "ಹೆದರಬ್ಯಾಡ," ಅನ್ನುವುದು. ಸುಮ್ಮನಿರಿ ಎಂದು ಗದರಿದೆ. ಕುತ್ತಿಗೆಯ ನರಗಳು ಹುರಿಗಟ್ಟಿದ್ದವು. ಹೆಗಲು ಕಿವಿಯ ತನಕ ಏರಿ ಇಳಿಯುತ್ತಿತ್ತು.

ಚಳಿ ಬಿತ್ತು. ನಾಲ್ವರ ಬಟ್ಟೆಯೂ ಪೂರ್ತಿ ಒಣಗಿರಲಿಲ್ಲ. ಅತ್ತೆ ಒಣಹುಲ್ಲು, ಜಾಲಿಯ ಕಟ್ಟಿಗೆ ಒಟ್ಟಿ, ಕರ್ಪೂರ ಇಟ್ಟು ಬೆಂಕಿ ಹಚ್ಚಿದರು. ಮಗಳು ಬೆಂಕಿಯ ಹತ್ತಿರ ಹೋಗಿ ಕೈ ಚಾಚಿದಾಗ ಅವಳ ಹಲ್ಲು ಕಟಕಟ ಅನ್ನುತ್ತಿದ್ದದ್ದು ನಿಂತಿತು. ಬೆಂಕಿ ದೂರಕ್ಕೆ ಕಾಣುತ್ತದೆ, ಬರುವವರಿಗೆ ಗುರುತಾಗುತ್ತದೆ ಎಂದು ನನಗೂ ಧೈರ್ಯ ಬಂತು. ಅಷ್ಟರಲ್ಲಿ ಗಾಳಿ ತಿರುಗಿತು. ಹೊಗೆ ನೆಲ ಹಿಡಿದು ಇವರ ಕಡೆ ಬಂತು. ಒಂದೇ ಒಂದು ಸಲ ಒಳಗೆಳೆದುಕೊಂಡರು. ಕೆಮ್ಮು ಬಂದದ್ದು ನಿಲ್ಲಲೇ ಇಲ್ಲ. ಕೆಮ್ಮಿ ಕೆಮ್ಮಿ ಪಕ್ಕಕ್ಕೆ ಒರಗಿದರು, ಬಾಯಿ ತೆರೆದೇ ಇತ್ತು, ಗಾಳಿ ಹೋಗುತ್ತಿರಲಿಲ್ಲ.

"ಆರಸ್ರೀ ಅದನ್ನ!" ಎಂದು ಚೀರಿದೆ.

"ಆರಿಸಿದ್ರ ಬರಾವ್ರಿಗಿ ಹೆಂಗ ಕಾಣತೀವಿ?" ಅಂದರು ಅತ್ತೆ. "ಹುಡುಗಿ ಚಳಿಗಿ ಸೆಟೀತಾಳ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಬರುವವರು ಬರುವಷ್ಟರಲ್ಲಿ ಇವರು ಇರಬೇಕಲ್ಲ. ನಾನು ಎದ್ದು ಬರಿಗಾಲಿನಿಂದಲೇ ಬೆಂಕಿಯನ್ನು ಒದ್ದು ನೀರಿಗೆ ತಳ್ಳಿದೆ. ಪಾದ ಸುಟ್ಟದ್ದು ಆಮೇಲೆ ಗೊತ್ತಾಯಿತು. ಮಗಳನ್ನು ಅವರ ಬೆನ್ನಿಗೆ ಅಂಟಿಸಿ ಕೂರಿಸಿದೆ, ಅವಳ ಬಿಸಿ ಅವರಿಗೆ, ಅವರ ಬಿಸಿ ಅವಳಿಗೆ. ಅಮಾವಾಸ್ಯೆಯ ಕತ್ತಲು, ಬೆಂಕಿಯಿಲ್ಲ. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಇವರ ಎದೆಯ ಸದ್ದು ಮಾತ್ರ ಇತ್ತು. ಆ ಸದ್ದು ಎಷ್ಟೇ ಕೆಟ್ಟದಾಗಿರಲಿ, ಅದು ಕೇಳುತ್ತಿರಲಿ ಎಂದು ನಾನು ಕಿವಿಗೊಟ್ಟು ಕೂತಿದ್ದೆ.

ಆಗ ದಂಡೆಯ ಮೇಲೆ ಗಾಡಿಯ ದೀಪ ಕಂಡಿತು. ಜೀಪು. ದೀಪ ನೀರಿನ ಮೇಲೆ ಒಮ್ಮೆ ಆಚೆಯಿಂದ ಈಚೆಗೆ ಹಾಯಿತು, ದಿಬ್ಬದ ತನಕ ಮುಟ್ಟಲಿಲ್ಲ. ನಾನೂ ಮಗಳೂ ಕೂಗಿದೆವು. ಗಾಳಿ ನಮ್ಮ ಎದುರಿಗಿತ್ತು, ಕೂಗು ನಮ್ಮ ಬಾಯಿಗೇ ವಾಪಸು ಬಂತು. ಸ್ವಲ್ಪ ಹೊತ್ತು ನಿಂತ ದೀಪ ಹಿಂದಕ್ಕೆ ತಿರುಗಿತು. ಏರಿ ಹತ್ತಿ ಹೊರಟೇ ಹೋಯಿತು.

ನಾನು ದೇವರನ್ನು ಬೈದೆ, ಎಳ್ಳಮಾಸಿಯನ್ನು ಬೈದೆ, ಅತ್ತೆಯ ಎದುರಿಗೇ ಅತ್ತೆಯನ್ನು ಬೈದೆ. "ನಿಮ್ಮ ಹೊಲದ ಹೊಟ್ಟಿ ತುಂಬಿತೇನ್ರಿ ಈಗ?" ಅಂದೆ. ಬೈಯುವುದನ್ನು ನಿಲ್ಲಿಸಿದಾಗ ನನಗೆ ತಿಳಿಯಿತು, ಇವರ ಎದೆಯ ಸದ್ದು ಸಣ್ಣದಾಗಿತ್ತು. ದಮ್ಮು ಕಡಿಮೆಯಾಗಿ ಸಣ್ಣದಾದದ್ದಲ್ಲ. ದಣಿದು ಸಣ್ಣದಾದದ್ದು.

"ರೀ," ಅಂದೆ. "ರೀ, ಇಲ್ಲಿ ನೋಡ್ರಿ. ರೀ!"

ಕೆನ್ನೆ ತಟ್ಟಿದೆ. ತಲೆ ನನ್ನ ಕೈಯಲ್ಲೇ ಜೋಲಿತು. ನಾನು ದಿನಕ್ಕೆ ನೂರು ಸಲ ಅನ್ನುವ 'ರೀ'. ತರಕಾರಿಯವನಿಗೂ ಅದೇ, ಬಸ್ ಕಂಡಕ್ಟರನಿಗೂ ಅದೇ. ಅದಕ್ಕೆ ಅವರು ಯಾಕೆ ಎಚ್ಚರಾಗಬೇಕು? ಅತ್ತೆ ತೆವಳುತ್ತ ಬಂದು, "ತಮ್ಮಾ, ಯಪ್ಪಾ, ತಮ್ಮಾ," ಎಂದು ಕರೆದರು. ಇವರು ಮಿಸುಕಲಿಲ್ಲ.

ಆಮೇಲೆ ಬಟ್ಟೆಯ ಸದ್ದು ಕೇಳಿಸಿತು. ಕತ್ತಲೆಯಲ್ಲಿ ನನಗೆ ಕಂಡದ್ದು ಅಂದಾಜು ಮಾತ್ರ. ಅತ್ತೆ ಸೆರಗನ್ನು ತಲೆಯ ತುಂಬ ಎಳೆದುಕೊಂಡರು, ಹಿರಿಯರ ಎದುರಿಗೆ ಬಂದಾಗ ಮಾಡುವ ಹಾಗೆ. ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಮಗನ ಕಿವಿಯ ಹತ್ತಿರ ಬಾಗಿ, ಇವರಜ್ಜನ ಆ ಹೆಸರು ಹಿಡಿದು ಕರೆದರು. ಮಾವನ ಹೆಸರು. ಹಡೆದಾಗಿನಿಂದ ಒಮ್ಮೆಯೂ ಕರೆಯದ ಹೆಸರು. ಮೊದಲ ಸಲ ಧ್ವನಿ ನಡುಗಿತು. ಎರಡನೆಯ ಸಲ, ಅಂಗಳದಲ್ಲಿ ಆಡುವ ಮಗುವನ್ನು ಊಟಕ್ಕೆ ಕರೆಯುವ ಧ್ವನಿಯಲ್ಲಿ, ನೀರಿನ ಆಚೆಗೂ ಕೇಳುವಷ್ಟು ಗಟ್ಟಿಯಾಗಿ ಕರೆದರು.

"ಓ..." ಅಂದರು ಇವರು.

ಹೆಸರು ಹಿಡಿದು ಕರೆದರೆ ಓ ಅನ್ನುವುದು ಎಳೆತನದಿಂದ ನಾಲಿಗೆಗೆ ಹತ್ತಿದ್ದು, ಅದಕ್ಕೆ ಎಚ್ಚರ ಬೇಕಿಲ್ಲ. ತುಟಿ ಗುಂಡಗೆ ಮಾಡಿ ಉದ್ದಕ್ಕೆ ಬಿಟ್ಟ ಆ ಒಂದು ಓ ಮುಗಿದ ಮೇಲೆ, ಅವರ ಎದೆ ತಾನಾಗಿ ಒಂದಿಷ್ಟು ಗಾಳಿ ಎಳೆದುಕೊಂಡಿತು. ಅತ್ತೆ ಮತ್ತೆ ಕರೆದರು. ಮತ್ತೆ ಓ. ಮತ್ತೆ ಗಾಳಿ. ಯಾರನ್ನು ಕರೆಯುತ್ತಿದ್ದಾರೆ ಎಂದು ಇವರಿಗೆ ತಿಳಿಯಿತೋ ಇಲ್ಲವೋ. ನಡುವೆ ಒಮ್ಮೆ, "ಅವ್ವಾ, ಅಜ್ಜ ಬಂದಾನೇನ?" ಅಂದರು. ಅಜ್ಜ ತೀರಿ ಎಷ್ಟೋ ವರ್ಷವಾಗಿತ್ತು. "ಅಜ್ಜ ಅಲ್ಲಪಾ, ನಿನ್ನ ಕರಿಯಾಕತ್ತೀನಿ. ಓ ಅನ್ನು," ಅಂದರು ಅತ್ತೆ. ಹೆಸರು, ಓ. ಹೆಸರು, ಓ. ನಾನು ಅವರ ಬೆನ್ನಿಗೆ ಕೈಯಿಟ್ಟು, ಪ್ರತಿ ಓ ಮುಗಿಯುವುದನ್ನೇ ಕಾಯುತ್ತಿದ್ದೆ. ಒಂದು ಓ ಬರುವುದು ತಡವಾದರೆ ಮಗಳ ಕೈ ನನ್ನ ಕೈಯನ್ನು ಹಿಸುಕುತ್ತಿತ್ತು.

ಜೀಪು ತಿರುಗಿ ಹೋದದ್ದು ನಮ್ಮನ್ನು ಬಿಟ್ಟಲ್ಲ, ಊರೊಳಗಿಂದ ಪುಟ್ಟಿ ತರಲು. ಅದರಲ್ಲಿ ಬಂದವರು ಕಮಲಾಪುರದ ಮಾವನೇ. ಮನೆಗೆ ಬಂದು, ಕೈಕಾಲು ತೊಳೆದು, ಸೊಸೆಯನ್ನು ಚಾಷ್ಟಿ ಮಾಡಿ ನಗುತ್ತ ಕೂತವರಿಗೆ, ಅವಳು "ತಮ್ಮಗ ಅಂತಾನೇ ಅಂದ್ರು ರೀ ಮಾಮಾ, ಎರಡೆರಡ ಸಲ ಅಂದ್ರು" ಎಂದು ಕಣ್ಣು ತುಂಬಿ ಹೇಳಿದಳಂತೆ. ಮಾವನ ನಗು ಅಲ್ಲೇ ಇಂಗಿತಂತೆ. ಅಕ್ಕ ತನ್ನನ್ನು ಎತ್ತಿ ಆಡಿಸಿದವಳು, ಹುಟ್ಟಿದಾಗಿನಿಂದ ಹೆಸರು ಹಿಡಿದೇ ಕರೆದವಳು, ತಮ್ಮ ಎಂದು ಒಂದು ದಿನವೂ ಕರೆದಿಲ್ಲ. ಅಕ್ಕನ ಬಾಯಲ್ಲಿ ತಮ್ಮ ಎಂದರೆ ಅವಳ ಮಗ. ಮಗನಿಗೆ ದಮ್ಮು. ಅವರ ಹೊಲ ನೀರಿನಲ್ಲಿ. ಮಾವ ಚಪ್ಪಲಿ ಮೆಟ್ಟದೆ ಓಡಿದರಂತೆ. ಮೀನುಗಾರರ ಓಣಿಯಲ್ಲಿ ಒಂದು ಪುಟ್ಟಿ ಸಿಕ್ಕಿ, ಅದು ನೀರಿಗಿಳಿದಾಗ, ಕತ್ತಲಲ್ಲಿ ದಿಕ್ಕು ತಿಳಿಯದೆ ನಿಂತವರಿಗೆ ಅತ್ತೆ ಮಗನನ್ನು ಕರೆಯುವ ಕೂಗು ಕೇಳಿಸಿತು. ಆ ಕೂಗು ಹಿಡಿದೇ ಬಂದರು.

ಪುಟ್ಟಿಯಲ್ಲೂ ಅತ್ತೆ ಕರೆಯುವುದನ್ನು ಬಿಡಲಿಲ್ಲ. ಜೀಪಿನಲ್ಲೂ ಬಿಡಲಿಲ್ಲ. ಕಮಲಾಪುರದ ದವಾಖಾನೆಯಲ್ಲಿ ಸೂಜಿ ಚುಚ್ಚಿ, ಮೂಗು ಬಾಯಿ ಮುಚ್ಚುವ ಮಾಸ್ಕು ಹಾಕಿ, ಜಲ್ದಿ ಕಲಬುರಗಿಗೆ ಒಯ್ಯಿರಿ ಎಂದು ಆಂಬುಲೆನ್ಸಿಗೆ ಏರಿಸಿದಾಗಲೂ, ಅತ್ತೆ ಸ್ಟ್ರೆಚರಿನ ಕಂಬಿ ಹಿಡಿದು ಕರೆಯುತ್ತಲೇ ಇದ್ದರು. ಅವರ ಗಂಟಲು ಒಡೆದು, ಹೆಸರಿನ ಅರ್ಧ ಮಾತ್ರ ಹೊರಗೆ ಬರುತ್ತಿತ್ತು.

"ಒಬ್ಬರೇ ಕೂಡ್ರಿ ಒಳಗ," ಅಂದ ಆಂಬುಲೆನ್ಸಿನವನು. "ಅಮ್ಮಾ, ನೀವ ಹಿಂದ ಜೀಪಿನಾಗ ಬರ್ರಿ."

ಅತ್ತೆ ವಾದ ಮಾಡುತ್ತಾರೆ ಎಂದುಕೊಂಡೆ. ಮಾಡಲಿಲ್ಲ. ಕೆಳಗಿಳಿದು, ನನ್ನ ರಟ್ಟೆ ಹಿಡಿದು ಮೇಲೆ ಹತ್ತಿಸಿದರು.

"ಕರೀ ಯವ್ವಾ," ಅಂದರು. "ಹೆಸರ ಹಿಡದು ಕರಿ. ಬಿಡಬ್ಯಾಡ."

ಬಾಗಿಲು ಮುಚ್ಚಿತು. ಗಾಡಿ ಹೊರಟಿತು. ಒಳಗೆ ಸಣ್ಣ ದೀಪ. ಇವರ ಕಣ್ಣು ಅರ್ಧ ತೆರೆದು ಆಚೀಚೆ ಹುಡುಕುತ್ತಿತ್ತು, ಕರೆಯುವ ಧ್ವನಿ ಎಲ್ಲಿ ಹೋಯಿತು ಎಂದು. ಮಾಸ್ಕಿನ ಒಳಮೈ ಸ್ವಚ್ಛವಾಗಿತ್ತು. ಉಸಿರಿನ ಉಗಿ ಅದರಲ್ಲಿ ಕಟ್ಟಿರಲಿಲ್ಲ. ಇಪ್ಪತ್ತು ವರ್ಷಗಳ ಸಂಸಾರದಲ್ಲಿ ಏನೆಲ್ಲ ಅಂದಿದ್ದೇನೆ ಇವರಿಗೆ, ಇದೊಂದನ್ನು ಬಿಟ್ಟು.

ನಾನು ಬಾಗಿ, ಇವರ ಕಿವಿಯ ಹತ್ತಿರ ಬಾಯಿಟ್ಟು, ಹೆಸರು ಹಿಡಿದು ಕರೆದೆ.

ಮಾಸ್ಕಿನೊಳಗೆ ಬೆಳ್ಳಗೆ ಉಗಿ ಕಟ್ಟಿತು.